ಹಬ್ಬಕ್ಕೆ ಬಂದ ಮಗಳು

ಇವತ್ತು ಅಂಗಳ ಗುಡಿಸಿದೆ, ಮೆಣಸಿನಕಾಯಿ ಒಣಹಾಕಿದೆ, ಕೌದಿಯ ಹರಿದ ಮೂಲೆಗೆ ತೇಪೆ ಹಾಕಿದೆ, ಅಕ್ಕಿ ಆರಿಸಿದೆ. ಮೊರ ಕೈಗೆ ಬಂದರೆ ಸವಳಂಗದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾಗುತ್ತಾರೆ.

ಟೀವಿಯಲ್ಲಿ ಯಾರದಾದರೂ ವಿಚ್ಛೇದನದ ಸುದ್ದಿ ಬಂದರೆ ಅವರು ಮೊರ ಕುಟ್ಟಿ ಹೇಳುತ್ತಿದ್ದರು: "ಬೇರೆ ಧರ್ಮದೋರಿಗೆ ಇರಬೋದು, ಪ್ಯಾಟೆಯೋರಿಗೆ ಇರಬೋದು. ನಾವು ಮಠಕ್ಕೆ ನಡ್ಕೊಳ್ಳೋ ಮಂದಿ. ನಮ್ಮಲ್ಲಿ ಡೈವೋರ್ಸ್ ಅನ್ನೋದೇ ಇಲ್ಲ ಕಣವ್ವ."

ಹಾಗೆ ಹೇಳುವಾಗ, ಸೊಕ್ಕೆಗೆ ಕೊಟ್ಟಿದ್ದ ಅವರ ಮಗಳು ಒಳಗೆ ರೊಟ್ಟಿ ತಟ್ಟುತ್ತಿರುತ್ತಿದ್ದಳು. ಗಂಡನ ಹೊಡೆತ ತಾಳದೆ ತವರಿಗೆ ಬಂದು ಮೂರು ವರ್ಷವಾಗಿತ್ತು. ಕೇಳಿದವರಿಗೆಲ್ಲ ದೊಡ್ಡಮ್ಮ "ಹಬ್ಬಕ್ಕೆ ಬಂದಾಳೆ" ಎನ್ನುತ್ತಿದ್ದರು. "ಯಾವ ಹಬ್ಬ ದೊಡ್ಡಮ್ಮಾ, ಇಷ್ಟುದ್ದ?" ಎಂದು ನಾನು ಕೆಣಕಿದರೆ, ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕುತ್ತಿದ್ದರು.

ಒಂದು ದಿನ ಅವಳನ್ನು ಕರೆದೊಯ್ಯಲು ಸೊಕ್ಕೆಯಿಂದ ಅವಳ ಮಾವ, ಗಂಡನ ಅಪ್ಪ, ಬಂದರು. ನಾನೂ ಅಲ್ಲೇ ಇದ್ದೆ. ಮಗಳು ತಂದ ನೀರಿನ ಚೊಂಬಿಗೆ ಅವರು ಕೈ ಚಾಚಿದ್ದೇ, ಅವಳು ಮುಖಕ್ಕೆ ಕೈ ಅಡ್ಡ ಹಿಡಿದಳು; ನೀರು ಅವರ ಕಾಲ ಮೇಲೆ ಚೆಲ್ಲಿತು. ದೊಡ್ಡಮ್ಮ ಆ ಕೈಯನ್ನೇ ನೋಡುತ್ತಾ ಕೂತರು. ಆಮೇಲೆ ಹೇಳಿದರು: "ಕಳ್ಸಲ್ರೀ. ನಾಳೆ ಹೊನ್ನಾಳಿಗೆ ಹೋಗಿ ವಕೀಲರನ್ನ ಕಾಣ್ತೀವಿ."

"ನಮ್ಮಲ್ಲಿ ಅದೆಲ್ಲಾ ಇಲ್ಲ ಅಂತ ನೀವೇ ಅಂತಿದ್ರಲ್ರೀ?" ಎಂದರು ಮಾವ.

"ಇರ್ಲಿಲ್ಲ. ನಾಳೆಯಿಂದ ಐತೆ. ಚಾ ಕುಡ್ಕೊಂಡು ಹೋಗ್ರಿ."

ಅವರು ಚಾ ಕುಡಿದೇ ಹೋದರು. ಸಂಜೆ ದೊಡ್ಡಮ್ಮ ನನ್ನನ್ನೂ ಊಟಕ್ಕೆ ಕೂರಿಸಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು.

"ಹಬ್ಬ ಮುಗೀತೇನು ದೊಡ್ಡಮ್ಮಾ?" ಎಂದೆ.

"ಇವತ್ತೇ ಹಬ್ಬ. ಸುಮ್ನೆ ಉಣ್ಣು."

ನಾವಿಬ್ಬರೂ ಇನ್ನೂ ಕೈ ತೊಳೆದಿರಲಿಲ್ಲ. ಮಗಳು ಗೋಡೆಗೆ ಒರಗಿ ಆಗಲೇ ನಿದ್ದೆ ಹೋಗಿದ್ದಳು.