ಸಾಲಿ ಬಿಟ್ಟ ಮೇಲೆ ಕಂಪ್ಯೂಟರ್

ಬಸ್ಸಿನಲ್ಲಿ ಊರಿಗೆ ಮರಳುವ ಹುಡುಗಿ, ಬಸ್ಸು ಹೋದ ಮೇಲೆ ನಡೆಯುವ ಪಾಠ ಕಲಿಯುವುದಿಲ್ಲ. ಇದಕ್ಕೆ ಸಮೀಕ್ಷೆ ಬೇಕಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಸಾಕು.

ಮುನವ್ವರ ಬೇಗಂ ಬೀದರದ ದರ್ಜಿಯೊಬ್ಬರ ಮಗಳು. ಮದುವೆಯಾಗಿ ಔರಾದಕ್ಕೆ ಬಂದು, ಅಲ್ಲಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಹೊಲಿಗೆ ಟೀಚರಾದರು. ಆ ಸಾಲಿಯಲ್ಲಿ ಐಚ್ಛಿಕ ವಿಷಯ ಎರಡು: ಹೊಲಿಗೆ, ಇಲ್ಲವೇ ಕಂಪ್ಯೂಟರ್. ಹೊಲಿಗೆ ಮಧ್ಯಾಹ್ನ. ಕಂಪ್ಯೂಟರ್ ಸಾಲಿ ಬಿಟ್ಟ ಮೇಲೆ. ಯಾಕಂದರೆ ಅಲ್ಲಿಯ ತನಕ ಕಂಪ್ಯೂಟರ್ ಮಾಸ್ತರರು ಆಫೀಸಿನಲ್ಲಿ ಕೂತು ಮಕ್ಕಳ ಮಾಹಿತಿಯನ್ನು ಇಲಾಖೆಗೆ ಕಳಿಸುತ್ತಿರುತ್ತಾರೆ. ಮಾಹಿತಿ ಮುಗಿದ ಮೇಲೆ ಮಕ್ಕಳ ಪಾಳಿ. ಅಷ್ಟರಲ್ಲಿ ಸಂತಪುರ, ಠಾಣಾ ಕುಶನೂರದ ಹುಡುಗಿಯರು ಬಸ್ಸಿನೊಳಗೆ.

ಕುಶನೂರದ ಮಂಜಿರಿ ಒಂದು ದಿನ ಟೀಚರ ಮುಖಕ್ಕೇ ಹೇಳಿದಳು: “ಗುಂಡಿ ಹಚ್ಚೋದು ಮನ್ಯಾಗ ಅವ್ವ ಕಲಸ್ತಾಳರಿ. ಕಂಪ್ಯೂಟರ್ ಯಾರ್ ಕಲಸ್ತಾರ?”

ಮುನವ್ವರ ಬೇಗಂ ಹೆಡ್ ಮಾಸ್ತರ ವಸಂತರಾವರ ಬಳಿ ಹೋದರು.

“ಹುಡುಗ್ಯಾರಿಗೆ ಕಂಪ್ಯೂಟರ್ ಬ್ಯಾಡಂತ ಟೀಚರ್. ಸಾಲಿ ಬಿಡೂ ಮುಂದ ಕೈ ಎತ್ತರಿ ಅಂದೆ, ಒಬ್ಬಾಕಿನೂ ಎತ್ತಲಿಲ್ಲ.”

“ಕೈಯಾಗ ಚೀಲ ಇದ್ದವ್ರಿ ಸರ್. ಬಸ್ಸಿಗೆ ಓಡ್ಲಿಕತ್ತಿದ್ರು, ಹ್ಯಾಂಗ ಎತ್ತತಾರ? ಹೊಲಿಗಿ ಕಡೀಕ ಹಾಕ್ರಿ, ಕಂಪ್ಯೂಟರ್ ಮಧ್ಯಾಹ್ನಕ್ಕ ತರ್ರಿ.”

“ಆಮ್ಯಾಲ ನಿಮ್ಮ ಕ್ಲಾಸಿಗೆ ಯಾರ್ ಕೂಡ್ತಾರ? ಮಕ್ಕಳಿಲ್ಲಂದ್ರ ನೀವು ಹೆಚ್ಚುವರಿ ಆಗ್ತೀರಿ, ಇಲ್ಲಿಂದ ತೆಗೀತಾರ.”

“ಗೊತ್ತದರಿ.”

ಪಾಲಕರ ಸಭೆಯಲ್ಲೂ ಮುನವ್ವರ ಬೇಗಂ ಅದನ್ನೇ ಹೇಳಿದರು. ಬದಲಿಸುತ್ತೇವೆ ಅನ್ನುವ ತನಕ ಪಾಲಕರು ಕೂತಲ್ಲಿಂದ ಏಳಲಿಲ್ಲ. ಪಾಠದ ಹೊತ್ತು ಬದಲಾಯಿತು. ಹುಡುಗಿಯರೆಲ್ಲ ಕಂಪ್ಯೂಟರ್ ತಗೊಂಡರು. ಹುಡುಗರಿಗೂ ಹೊಲಿಗೆ ಕಲಿಸಬಹುದೆಂಬುದು ಸಾಲಿ ನಡೆಸುವ ಸಂಸ್ಥೆಗೆ ಹೊಳೆಯಲಿಲ್ಲ. ಮಾಹಿತಿ ಈಗ ಸಾಲಿ ಬಿಟ್ಟ ಮೇಲೆ ಹೋಗುತ್ತದೆ. ಇಲಾಖೆ ಇನ್ನೂ ಮುಳುಗಿಲ್ಲ.

ಮುನವ್ವರ ಬೇಗಂ ಹೆಚ್ಚುವರಿಯಾದರು. ಅದೇ ಸಂಸ್ಥೆಯ ಭಾಲ್ಕಿ ಸಾಲಿಗೆ ಅವರನ್ನು ಹಾಕಿದರು. ಮೊನ್ನೆ ಸಿಕ್ಕಾಗ ಕೇಳಿದೆ, ಹ್ಯಾಂಗದರಿ ಆಪಾ, ಭಾಲ್ಕಿ ಸಾಲಿ?

“ಸಾಲಿ ಚಂದ ಅದರಿ. ಇಲ್ಲೂ ಕಂಪ್ಯೂಟರ್ ಸಾಲಿ ಬಿಟ್ಟ ಮ್ಯಾಲೇ ಅದ. ಮಧ್ಯಾಹ್ನಕ್ಕ ತರ್ರಿ ಅಂತ ನಿನ್ನೆ ಹೋಗಿ ಕೇಳೇನಿ.”

“ಈಗ ಎಲ್ಲಿಗೆ ಹಾಕ್ತಾರ?”

“ಸಂಸ್ಥಾದ್ದು ಮೂರನೇ ಸಾಲಿ ಇಲ್ಲರಿ. ಮನೀಗೇ ಕಳಸ್ತಾರ.”

ಅವರು ಕೇಳಿದರೆ ನೌಕರಿ ಹೋಗುತ್ತದೆ. ನೀವು ಕೇಳಿದರೆ ಏನೂ ಹೋಗುವುದಿಲ್ಲ. ನಾಳೆ ನಿಮ್ಮ ಮಗಳ ಸಾಲಿಗೆ ಹೋಗಿರಿ. ಕಂಪ್ಯೂಟರ್ ಪಾಠ ಎಷ್ಟೊತ್ತಿಗೆ ಅಂತ ಕೇಳಿರಿ. ಸಾಲಿ ಬಿಟ್ಟ ಮೇಲೆ ಅಂದರೆ, ಅದು ಬದಲಾಗುವ ತನಕ ಹೆಡ್ ಮಾಸ್ತರರ ಮುಂದಿನ ಕುರ್ಚಿ ಬಿಟ್ಟು ಏಳಬೇಡಿರಿ.