ಬಡವನಹಳ್ಳಿಯ ತಂಪು ಎಣ್ಣೆ

ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಯಲ್ಲಿ ನಾನು ಮಹಾರಾಜರ ಸರ್ಕಾರದಲ್ಲಿ ಪೆಟ್ರೋಲಿಯಂ ತಪಾಸಣೆಯ ಇನ್ಸ್‌ಪೆಕ್ಟರಾಗಿದ್ದೆ. ಬಿಡಾರ ಮಧುಗಿರಿಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಪೆಟ್ರೋಲ್, ಸೀಮೆಎಣ್ಣೆ, ಸ್ಪಿರಿಟ್ ಎಲ್ಲೆಲ್ಲಿ ದಾಸ್ತಾನಿದೆಯೋ ಅಲ್ಲಿಗೆ ಹೋಗುವುದು, ಅದು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆಂದು ಪರೀಕ್ಷಿಸುವುದು, ಎಲ್ಲಿಡಬೇಕು ಹೇಗಿಡಬೇಕು ಎಂದು ಹೇಳಿ ಬರುವುದು, ಇಷ್ಟೇ ಕೆಲಸ. ನಾನು ಹೇಳಬೇಕೆಂದು ಸರ್ಕಾರ ನಿಯಮ ಮಾಡಿತ್ತು. ಜನ ಕೇಳಬೇಕೆಂದು ಮಾಡುವುದನ್ನು ಮರೆತಿತ್ತು.

ನಾನು ಸಾಮಾನ್ಯ ಇನ್ಸ್‌ಪೆಕ್ಟರಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲ. ಪಾವಗಡದಲ್ಲಿ ಬಸ್ಸಿನ ಏಜೆಂಟನೊಬ್ಬ ಪೆಟ್ರೋಲ್ ಡಬ್ಬದ ಮೇಲೆಯೇ ಕೂತು ಬೀಡಿ ಸೇದುತ್ತಿದ್ದ. ಕೇಳಿದರೆ, "ಏಮೀ ಕಾದು ಸ್ವಾಮಿ, ಏನೂ ಆಗಾಕಿಲ್ಲ, ಮುಚ್ಚಳ ಬಿಗಿಯಾಗೈತೆ" ಅಂದ. ನಾನು ಜಗಳವಾಡಲಿಲ್ಲ. ಅವನು ನೀರು ಕುಡಿಯಲು ಎದ್ದಾಗ ಡಬ್ಬದ ಮೇಲೆ ಸುಣ್ಣ ಬಳಿದೆ. ಅವನು ಬಂದು ಕೂತ, ಬಸ್ಸು ಬಂದಾಗ ಎದ್ದ, ಇಡೀ ಬಸ್ಸು ಅವನ ಹಿಂಭಾಗ ನೋಡಿ ನಕ್ಕಿತು. ಆಮೇಲೆ ಅವನು ಆ ಡಬ್ಬದ ಹತ್ತಿರ ಸುಳಿಯಲಿಲ್ಲ. ನನ್ನ ತಪಾಸಣೆ ಈ ದರ್ಜೆಯದು.

ಇಂಥ ನನ್ನನ್ನೂ ಸುಸ್ತು ಮಾಡಿದ ಊರು ಬಡವನಹಳ್ಳಿ.

ಅಲ್ಲಿ ಸಿದ್ದರಾಮಪ್ಪನವರೆಂಬ ಉಣ್ಣೆ ವ್ಯಾಪಾರಿ ಇದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವನಾಮ, ಬಹಳ ಒಳ್ಳೆಯ ಮನುಷ್ಯ. ಇಂಥ ಒಳ್ಳೆಯವರನ್ನು ಬೈಯಲೂ ಆಗದು, ಬಿಡಲೂ ಆಗದು. ಯುದ್ಧ ಜೋರಾಗಿದ್ದ ಕಾಲ, ಸೈನ್ಯಕ್ಕೆ ಕಂಬಳಿ ಒದಗಿಸುವ ಗುತ್ತಿಗೆ ಅವರಿಗೆ ಸಿಕ್ಕಿತ್ತು. ತೊಂದರೆ ಒಂದೇ. ನಮ್ಮ ಕಡೆಯ ಕುರಿಗಾರರು ಮಂದೆಯ ಗುರುತಿಗೆ ಕುರಿಯ ಬೆನ್ನ ಮೇಲೆ ಡಾಂಬರು ಬಳಿಯುತ್ತಾರೆ. ಆ ಕಪ್ಪು ಅಂಟು ಉಣ್ಣೆಯ ಜೊತೆ ಕಂಬಳಿಗೂ ಬರುತ್ತಿತ್ತು. ಸೈನ್ಯದವರು ಅದನ್ನು ಒಪ್ಪುತ್ತಿರಲಿಲ್ಲ. ಸೋಪಿಗೆ, ಸೀಗೆಗೆ ಅದು ಜಗ್ಗದು. ಕೊನೆಗೆ ಬೆಂಗಳೂರಿನ ದಲ್ಲಾಳಿಯೊಬ್ಬ ಡ್ರಮ್ಮುಗಟ್ಟಲೆ ಬೆಂಜಿನ್ ಕಳಿಸಿಕೊಟ್ಟ. ಬೆಂಜಿನ್ ಅಂದರೆ ಪೆಟ್ರೋಲಿನ ಒಡಹುಟ್ಟು. ನೋಡಲು ಬಾವಿ ನೀರಿನಷ್ಟು ತಿಳಿ. ಡಾಂಬರನ್ನು ಕ್ಷಣದಲ್ಲಿ ಕರಗಿಸುತ್ತದೆ, ತಾನೂ ಕ್ಷಣದಲ್ಲಿ ಆರಿಹೋಗುತ್ತದೆ. ಆರಿ ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ಇಲಾಖೆಯ ಚಿಂತೆ.

ಮೊದಲ ದಿನ ಹೋದಾಗ ಕಂಡದ್ದು ಹೀಗಿತ್ತು. ಉದ್ದನೆಯ ಕೊಟ್ಟಿಗೆ, ಅದಕ್ಕೆ ಒಂದೇ ಬಾಗಿಲು. ಗೋಡೆಯುದ್ದಕ್ಕೂ ಉಣ್ಣೆಯ ರಾಶಿ. ಬಾಗಿಲ ಪಕ್ಕದಲ್ಲೇ ಡ್ರಮ್ಮುಗಳು. ಒಳಗೆ ಹೆಂಗಸರು ಕಲ್ಲುಬಾನಿಯ ಸುತ್ತ ಕೂತು ಬೆಂಜಿನ್ನಿನಲ್ಲಿ ಬಟ್ಟೆ ಅದ್ದಿ ಉಣ್ಣೆ ಒರೆಸುತ್ತಿದ್ದರು. ಬೆಂಕಿ ಬಿದ್ದರೆ ಮೊದಲು ಹೊತ್ತುವುದು ಬಾಗಿಲು. ಒಳಗಿನವರು ಒಳಗೇ.

ಆ ಹೆಂಗಸರಿಗೆಲ್ಲ ಹಿರಿಯಳಾದ ನಿಂಗಮ್ಮ ಬೆಂಜಿನ್ ಬಟ್ಟೆಯನ್ನು ಹಣೆಗೆ ಒತ್ತಿಕೊಂಡು ಕೂತಿದ್ದಳು.

"ಏನಮ್ಮಾ ಅದು?" ಅಂದೆ.

"ತಲೆ ಸಿಡೀತೈತೆ ಸ್ವಾಮಿ. ಇದನ್ನ ಹಚ್ಕಂಡ್ರೆ ತಣ್ಣಗಾಗ್ತೈತೆ."

"ತಲೆನೋವು ಯಾವಾಗಿನಿಂದ?"

"ಈ ಎಣ್ಣೆ ಬಂದಾಗ್ನಿಂದ."

ನಾನು ಸಿದ್ದರಾಮಪ್ಪನವರ ಮುಖ ನೋಡಿದೆ. ಅವರು ನನ್ನ ಕೈ ಹಿಡಿದು ಬಾನಿಯೊಳಗೆ ಅದ್ದಿ ಮೇಲೆತ್ತಿದರು. ಬೆರಳು ಮಂಜಿನಲ್ಲಿಟ್ಟ ಹಾಗೆ ತಣ್ಣಗಾಯಿತು. "ನೋಡಿದ್ರಾ? ಎಂಗೈತೆ? ಇದು ತಂಪು ಪದಾರ್ಥ ಸ್ವಾಮಿ. ಸೀಮೆಎಣ್ಣೆ ಆದ್ರೆ ಉಷ್ಣ. ಅದನ್ನ ನಾನೇ ಒಳಗೆ ಬುಡಾಕಿಲ್ಲ."

ಶಿರಾದಿಂದ ಬಂದಿದ್ದ ಮೇಸ್ತ್ರಿ ಖಾದರ್ ಸಾಬರು ಪಕ್ಕದಲ್ಲೇ ನಿಂತಿದ್ದರು. ಬಣ್ಣ ಹಾಕುವುದರಲ್ಲಿ ಪಳಗಿದ ಕೈ. ಅವರೂ ತಲೆಯಾಡಿಸಿದರು. "ಸಹೀ ಬಾತ್ ಹುಜೂರ್. ಏಕ್‌ದಂ ಠಂಡಾ ಚೀಜ್."

ಎಳನೀರು ತಂಪು, ಮಾವಿನಹಣ್ಣು ಉಷ್ಣ, ಮಜ್ಜಿಗೆ ತಂಪು, ಬೆಲ್ಲ ಉಷ್ಣ. ನಮ್ಮ ಜನ ಲೋಕವನ್ನೇ ಹೀಗೆ ಎರಡು ಪಾಲು ಮಾಡಿಟ್ಟಿದ್ದಾರೆ. ಆ ಲೆಕ್ಕದಲ್ಲಿ ಬೆಂಜಿನ್ ಎಳನೀರಿನ ಪಕ್ಕ ಹೋಗಿ ಕೂತಿತ್ತು. ಅದು ಕೈಯ ಕಾವನ್ನು ಹೀರಿಕೊಂಡು ಆವಿಯಾಗುವುದರಿಂದ ತಣ್ಣಗೆನಿಸುತ್ತದೆ, ಆ ಆವಿಯೇ ಯಮ, ಎಂದು ನಾನು ವಿವರಿಸಿದೆ. ಎಲ್ಲರೂ ಗೌರವದಿಂದ ಕೇಳಿದರು. ಕೇಳಿ ಮುಗಿದ ಮೇಲೆ ಸಿದ್ದರಾಮಪ್ಪನವರು ಮಜ್ಜಿಗೆ ತರಿಸಿಕೊಟ್ಟರು, ನನಗೆ ಬಿಸಿಲು ತಾಕಿದೆ ಎಂದು.

ಇರಲಿ, ಉಪಕರಣ ಮಾತಾಡಲಿ ಎಂದು ಪರೀಕ್ಷೆಯ ಪೆಟ್ಟಿಗೆ ಬಿಚ್ಚಿದೆ. ಇದನ್ನು ಓದುಗರಿಗೆ ಹೇಳಬೇಕು. ಒಂದು ಮುಚ್ಚಿದ ಬಟ್ಟಲಿಗೆ ಎಣ್ಣೆ ಹಾಕಿ ಮೆಲ್ಲಗೆ ಕಾಯಿಸುತ್ತ, ಆಗಾಗ ಮುಚ್ಚಳದ ಕಿಂಡಿಯಲ್ಲಿ ಪುಟ್ಟ ಜ್ವಾಲೆ ತೋರಿಸುತ್ತೇವೆ. ಎಷ್ಟು ಶಾಖದಲ್ಲಿ ಮೇಲಿನ ಆವಿ ಪಕ್ಕನೆ ಮಿಂಚಿ ಆರುತ್ತದೋ ಅದು ಆ ಎಣ್ಣೆಯ ಫ್ಲ್ಯಾಶ್ ಪಾಯಿಂಟ್. ಎಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೇ ಮಿಂಚಿದರೆ ಅದು "ಅಪಾಯಕರ" ವರ್ಗ. ಸೀಮೆಎಣ್ಣೆಯನ್ನು ಅಷ್ಟಿಷ್ಟು ಕಾಯಿಸಿದರೇನೇ ಮಿಂಚುವುದು. ಬೆಂಜಿನ್ನನ್ನು ಕಾಯಿಸುವ ಮಾತೇ ಇಲ್ಲ. ಅಂಗಳದಾಚೆ, ಬಯಲಿನಲ್ಲಿ, ಬಟ್ಟಲನ್ನು ಬಾವಿ ನೀರಿನಲ್ಲಿ ಕೂರಿಸಿ ತಣ್ಣಗೆ ಮಾಡಿಯೇ ಕಿಂಡಿ ತೆರೆದೆ. ಜ್ವಾಲೆ ಸೋಕುವ ಮೊದಲೇ ಪಕ್ಕನೆ ನೀಲಿ ಮಿಂಚು.

"ಇಷ್ಟೇನಾ?" ಅಂದರು ಸಿದ್ದರಾಮಪ್ಪನವರು. "ನಮ್ಮನೇಲಿ ಸಾಸಿವೆ ಒಗ್ಗರಣೆಗೆ ಇದಕ್ಕಿಂತ ಜೋರಾಗಿ ಹೊತ್ಕಂತೈತೆ."

ಡ್ರಮ್ಮುಗಳನ್ನು ಕೊಟ್ಟಿಗೆಯಿಂದ ಆಚೆ ತೆಗೆಸಬೇಕು, ದೂರದಲ್ಲಿ ಬೇರೆ ಚಪ್ಪರ ಹಾಕಿಸಬೇಕು, ಅವುಗಳ ಬಾಯಿಯ ಬಿರಟೆ ಬಿಗಿಯಾಗಿರಬೇಕು, ದೀಪ ಬೀಡಿ ಹತ್ತಿರ ಬರಕೂಡದು. ಹೀಗೆ ಆಜ್ಞೆ ಮಾಡಿ ಬಂದೆ. ಬೀಗ ಜಡಿಯುವ ಮನಸ್ಸಿತ್ತು. ಅಮಲ್ದಾರರು, "ಸೈನ್ಯದ ಮಾಲು ಕಣ್ರೀ, ನಿಲ್ಲಿಸಿದರೆ ನನ್ನ ಕುತ್ತಿಗೆಗೆ ಬರುತ್ತೆ. ನಯವಾಗಿ ತಿಳಿಸಿ ಹೇಳಿ" ಅಂದರು. ನಯ ನನಗೆ ಒಗ್ಗಿದ್ದಲ್ಲ.

ಒಂದು ವಾರ ಬಿಟ್ಟು ಸೋಮವಾರ ಸಂಜೆಗೆ ಮುಂಚೆ ಮತ್ತೆ ಹೋದೆ. ಖಾದರ್ ಸಾಬರು ಬಾಗಿಲಲ್ಲೇ ಸಲಾಂ ಮಾಡಿ, "ಎಲ್ಲಾ ನಿಮ್ ಹುಕುಂ ಪ್ರಕಾರ ಹುಜೂರ್" ಅಂದರು. ನಿಜ, ಡ್ರಮ್ಮುಗಳು ಬಾಗಿಲಲ್ಲಿರಲಿಲ್ಲ. ಕೊಟ್ಟಿಗೆಯ ಒಳಗೆ, ಹೆಂಗಸರು ಕೂರುವ ಜಾಗದ ಹಿಂದೆಯೇ ಸಾಲಾಗಿ ನಿಂತಿದ್ದವು. ಮೇಲೆ ನೆನೆಸಿದ ಗೋಣಿ. ಒಂದೊಂದರ ಬಿರಟೆಯೂ ಸಡಿಲ.

"ಬಿರಟೆ ಯಾಕೆ ಬಿಚ್ಚಿದ್ರಿ?"

"ಬಿಸಿಲಿಗೆ ಡ್ರಮ್ಮಿನ ಹೊಟ್ಟೆ ಉಬ್ಬರಿಸಿತ್ತು ಹುಜೂರ್. ಗ್ಯಾಸ್ ಹೋಗ್ಲಿ ಅಂತ ಬಿಟ್ಟೆ. ಈಗ ನೋಡಿ, ಆರಾಮ್ ಆಗಿದೆ."

ಡ್ರಮ್ಮಿಗೆ ಅಜೀರ್ಣ! ಇವರು ಅದಕ್ಕೆ ಓಮದ ಕಷಾಯ ಕುಡಿಸಲಿಲ್ಲವಲ್ಲ, ಅದೇ ಪುಣ್ಯ. ಬೆಂಜಿನ್ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೇಳುವುದಿಲ್ಲ, ನೀರಿನ ಹಾಗೆ ನೆಲ ಹಿಡಿದು ಹರಿಯುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಹೊಸ್ತಿಲ ಹತ್ತಿರ ಬಗ್ಗಿ ಮೂಸಿದರೆ ಮೂಗು ಉರಿಯಿತು. ಒಳಗೆ ನಿಂಗಮ್ಮ ಮತ್ತವಳ ಜೊತೆಯವರು ಹಾಡು ಹೇಳಿಕೊಂಡು ಉಣ್ಣೆ ಒರೆಸುತ್ತಿದ್ದರು.

"ಎಲ್ರೂ ಆಚೆ ಬನ್ನಿ" ಎಂದು ಕೂಗುವಷ್ಟರಲ್ಲಿ ಹಿಂದಿನಿಂದ ಗಂಟೆಯ ಸದ್ದು. ತಿರುಗಿ ನೋಡುತ್ತೇನೆ: ಸಿದ್ದರಾಮಪ್ಪನವರು ಮಡಿಯುಟ್ಟು, ಒಂದು ಕೈಯಲ್ಲಿ ಗಂಟೆ, ಇನ್ನೊಂದು ಕೈಯಲ್ಲಿ ಧಗಧಗ ಉರಿಯುವ ಕರ್ಪೂರದ ಮಂಗಳಾರತಿ ತಟ್ಟೆ ಹಿಡಿದು ಅಂಗಳ ದಾಟಿ ಬರುತ್ತಿದ್ದಾರೆ. ಸೋಮವಾರದ ಪೂಜೆ. ತಕ್ಕಡಿಗೆ ಆಯಿತು, ಮಗ್ಗಕ್ಕೆ ಆಯಿತು, ಈಗ ಅನ್ನ ಕೊಡುವ ಹೊಸ ಸರಕಿಗೆ, ಅಂದರೆ ಡ್ರಮ್ಮುಗಳಿಗೆ.

ಬೆಂಕಿ ಎಂದು ಅರಚಿದರೆ ಅವರು ಗಾಬರಿಯಾಗಿ ತಟ್ಟೆಯನ್ನು ಅಲ್ಲೇ ಬೀಳಿಸಿದರೆ? ನನ್ನ ತಲೆ ಇಂಥ ಹೊತ್ತಿನಲ್ಲೇ ಚುರುಕು. ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದೆ. "ನಿಲ್ಲಿ ಸಿದ್ದರಾಮಪ್ಪನೋರೇ! ನನಗೆ ಸೂತಕ! ಈಗ ತಾನೇ ಸುದ್ದಿ ಬಂತು, ನಮ್ಮ ದೊಡ್ಡಪ್ಪ ಹೋಗಿಬಿಟ್ರು. ಆ ಡ್ರಮ್ಮನ್ನೆಲ್ಲ ಮುಟ್ಟಿಬಿಟ್ಟಿದ್ದೀನಿ. ಪೂಜೆ ಆಗೋ ಹಾಗಿಲ್ಲ!"

ದೊಡ್ಡಪ್ಪ ಆಗ ಕೊರಟಗೆರೆಯಲ್ಲಿ ಗಟ್ಟಿಮುಟ್ಟಾಗಿ ಮುದ್ದೆ ಉಣ್ಣುತ್ತಿದ್ದರು. ಬೇರೆ ಯಾರ ಮನೆಯಲ್ಲಾದರೂ ಈ ಮಾತಿಗೆ ಪೂಜೆ ಅಲ್ಲಿಗೇ ನಿಲ್ಲುತ್ತಿತ್ತು. ಸಿದ್ದರಾಮಪ್ಪನವರು ಮರುಕದಿಂದ ನನ್ನನ್ನು ನೋಡಿದರು.

"ಅಯ್ಯೋ ಪಾಪ, ಶಿವನ ಪಾದ ಸೇರ್ಕಂಡ್ರು ಬುಡಿ. ನೀವೇನೂ ಅಂಜ್ಕಬೇಡಿ. ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಸ್ವಾಮಿ. ಬನ್ನಿ, ನೀವೂ ಮಂಗಳಾರತಿ ತಗಳಿ." ಹೇಳುತ್ತಲೇ ಮುಂದಕ್ಕೆ ಹೆಜ್ಜೆ ಹಾಕಿದರು.

ಶಾಸ್ತ್ರ ಅವರ ಕಡೆಗಿತ್ತು. ನನ್ನ ಕಡೆ ಕಾಲೆರಡೇ. ತಟ್ಟೆ ಕಿತ್ತುಕೊಂಡು ಬೀದಿಗೆ ಓಡಿದೆ.

"ಲೇ, ಹಿಡೀರ್ಲಾ! ಆರತಿ ತಟ್ಟೆ ಕಿತ್ಕಂಡ್ ಓಡ್ತವ್ನೆ!" ಸಿದ್ದರಾಮಪ್ಪನವರು ಗಂಟೆ ಸಮೇತ ಹಿಂದೆ ಓಡಿಬಂದರು. ಹಿಂದೆ ಗಂಟೆ, ಮುಂದೆ ಉರಿಯುವ ಆರತಿ. ಊರವರಿಗೆ ಇನ್ನೇನು ಬೇಕು? ಯಾವ ದೇವರು ಬಂತೋ ಎಂದು ಮನೆಮನೆಯಿಂದ ಹೊರಬಿದ್ದು, ನನ್ನನ್ನು ತಡೆದು ನಿಲ್ಲಿಸಿ, ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡರು. ಒಬ್ಬ ಮುದುಕಿ, "ನಿಧಾನಕ್ಕೆ ತೋರ್ಸಪ್ಪಾ, ಏನವಸರ ನಿಂಗೆ?" ಎಂದು ಗದರಿದಳು. ತಟ್ಟೆ ಕಾದು ಬೆರಳಿಗೆ ಬೊಬ್ಬೆ ಬರುತ್ತಿತ್ತು. ಕೊಟ್ಟಿಗೆಯ ಕಡೆಯಿಂದ ಗಾಳಿ ಬೀಸದ ಜಾಗ ನೋಡಿ, ಊರಾಚೆಯ ಬಾವಿಕಟ್ಟೆಯ ಮೇಲೆ ಅದನ್ನಿಟ್ಟು ಪಕ್ಕದಲ್ಲೇ ಕೂತೆ. ಕರ್ಪೂರ ತಾನಾಗಿ ಆರಿತು.

ಊರೇ ಬಂದು ಸುತ್ತುವರಿಯಿತು. ಹೊಡೆಯುವುದೊಂದು ಬಾಕಿ. ಕೆಲಸ ಬಿಟ್ಟು ನಿಂಗಮ್ಮನೂ ಹೆಂಗಸರೂ ಬಂದು ನಿಂತಿದ್ದರು. ಕೊಟ್ಟಿಗೆ ಖಾಲಿಯಾಯಿತಲ್ಲ, ಅಷ್ಟೇ ನನಗೆ ಬೇಕಾಗಿದ್ದುದು. ಜೀವ ಬಂತು, ಜೊತೆಗೆ ನನ್ನ ಹಳೆಯ ಬುದ್ಧಿಯೂ ಬಂತು.

"ಹೊಡೆಯೋದಿದ್ರೆ ಆಮೇಲೆ ಹೊಡೀರಿ" ಅಂದೆ. "ಮೊದಲು ಒಂದು ಆಟ ನೋಡಿ. ಸಿದ್ದರಾಮಪ್ಪನೋರೇ, ನಿಮ್ಮ ಮಾಡಿನ ನೀರು ಬೀಳೋ ತಗಡಿನ ದೋಣಿ ಒಂದು ತರಿಸಿ."

ಆಟ ಎಂದರೆ ಕೋಪವೂ ಕೂರುತ್ತದೆ. ದೋಣಿ ಬಂತು. ಅದನ್ನು ಬಾವಿಕಟ್ಟೆಗೆ ಓರೆಯಾಗಿ ಒರಗಿಸಿದೆ. ಮೇಲಿನ ತುದಿಯಲ್ಲಿ, ಪರೀಕ್ಷೆಗೆಂದು ನಾನು ಸೀಸೆಯಲ್ಲಿಟ್ಟುಕೊಂಡಿದ್ದ ಬೆಂಜಿನ್ನಿನಲ್ಲಿ ಅದ್ದಿದ ಒಂದು ಬಟ್ಟೆ ಚೂರು. ಕೆಳಗಿನ ತುದಿಯಲ್ಲಿ, ಅಷ್ಟು ದೂರದಲ್ಲಿ, ಹಚ್ಚಿಟ್ಟ ಒಂದು ಹಣತೆ. ಪಕ್ಕದಲ್ಲಿ ಮರಳು. ಎಲ್ಲರನ್ನೂ ಹಿಂದೆ ಸರಿಸಿದೆ.

"ನಿಂಗಮ್ಮಾ, ಆ ಬಟ್ಟೆ ಮುಟ್ಟಿನೋಡು. ಹೆಂಗಿದೆ?"

"ತಣ್ಣಗೈತೆ."

"ದೀಪ ಎಲ್ಲಿದೆ?"

"ಕೆಳಗೆ, ಅಷ್ಟ್ ದೂರದಾಗೆ."

"ಸರಿ, ಈಚೆ ಬಾ. ಸುಮ್ಮನೆ ನೋಡ್ತಿರಿ."

ಕಾದೆವು. ಏನೂ ಆಗಲಿಲ್ಲ. ಯಾರೋ ಹಿಂದಿನಿಂದ "ಬುರುಡೆ ದಾಸಯ್ಯ" ಅಂದರು. ಅಷ್ಟರಲ್ಲಿ ಹಣತೆಯ ಬಳಿ ಒಂದು ನೀಲಿ ನಾಲಿಗೆ ಎದ್ದು, ಸರ್ರನೆ ದೋಣಿಯೊಳಗೆ ಮೇಲಕ್ಕೆ ಹತ್ತಿ, ತುದಿಯ ಬಟ್ಟೆಯನ್ನು ಭಗ್ಗೆಂದು ಹಿಡಿಯಿತು. ಹಾವು ಬಿಲಕ್ಕೆ ನುಗ್ಗುವ ಹಾಗೆ. ನಾನು ಮರಳು ಸುರಿದು ಆರಿಸಿದೆ.

ಖಾದರ್ ಸಾಬರು "ಯಾ ಅಲ್ಲಾ" ಎಂದು ಕೊಟ್ಟಿಗೆಯ ಕಡೆ ನೋಡಿದರು. ಸಿದ್ದರಾಮಪ್ಪನವರು ಕೈಯಲ್ಲಿದ್ದ ಗಂಟೆಯನ್ನು ಬಾವಿಕಟ್ಟೆಯ ಮೇಲಿಟ್ಟರು.

ತೀರ್ಪು ಕೊಟ್ಟವಳು ನಿಂಗಮ್ಮ. "ಇದು ತಂಪಲ್ಲ ಕಣಪ್ಪ. ಉಷ್ಣ. ಅದೂ ಕಳ್ಳ ಉಷ್ಣ. ತಂಪಿನ ವೇಷ ಹಾಕ್ಕಂಡ್ ಕುಂತೈತೆ." ಆಮೇಲೆ ಯಜಮಾನರ ಕಡೆ ತಿರುಗಿದಳು. "ಯಜಮಾನ್ರೇ, ಹಿಟ್ಟಿಗೆ ಅಂತ ಬಂದಿವ್ನಿ. ಬೇಯಾಕಲ್ಲ. ಆ ಡ್ರಮ್ಮು ಅಲ್ಲಿರೋಗಂಟ ನಾನು ಒಳಗೆ ಕಾಲಿಡಾಕಿಲ್ಲ." ಉಳಿದ ಹೆಂಗಸರು ಒಬ್ಬೊಬ್ಬರಾಗಿ ಅವಳ ಪಕ್ಕ ಬಂದು ನಿಂತರು.

ನಾನು ವರ್ಗ, ಡಿಗ್ರಿ, ಆಜ್ಞೆ ಎಂದು ಗಂಟಲು ಹರಿದುಕೊಂಡಿದ್ದೆ. ಇವಳು ಒಂದೇ ಮಾತಿನಲ್ಲಿ ಬೆಂಜಿನ್ನನ್ನು ಎಳನೀರಿನ ಪಕ್ಕದಿಂದ ಎಬ್ಬಿಸಿ ಬೆಂಕಿಯ ಪಕ್ಕ ಕೂರಿಸಿದಳು. ಅವತ್ತು ಕತ್ತಲಾಗುವುದರೊಳಗೆ ಬಿರಟೆ ಬಿಗಿದು, ಡ್ರಮ್ಮುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಹೊಲದ ಬೇಲಿಯಾಚೆಗೆ ಸಾಗಿಸಿದರು. ಸಿದ್ದರಾಮಪ್ಪನವರು ತಾವೇ ಹೆಗಲು ಕೊಟ್ಟರು. ಮಧ್ಯದಲ್ಲಿ ಒಮ್ಮೆ ನಿಂತು, "ಅಲ್ಲ ಸ್ವಾಮಿ, ನಿಮ್ ದೊಡ್ಡಪ್ಪ?" ಅಂದರು. "ಚೇತರಿಸಿಕೊಂಡರು" ಅಂದೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಮೂರನೆಯ ಸಲ ಹೋದೆ. ಹೊಲದ ನಡುವೆ, ನಾಲ್ಕೂ ಕಡೆ ಗಾಳಿಯಾಡುವ ಚಪ್ಪರ. ನಾನು ಕೊಟ್ಟಿದ್ದ "ಅಪಾಯಕರ" ಎಂಬ ಬೋರ್ಡು ಎಲ್ಲೂ ಕಾಣಲಿಲ್ಲ. ಅದರ ಬದಲು ಹಲಗೆಯೊಂದರ ಮೇಲೆ ಸುಣ್ಣದಲ್ಲಿ "ಮಹಾ ಉಷ್ಣ" ಎಂದು ಬರೆದಿತ್ತು. ಬೇಲಿಯ ಬಾಗಿಲಲ್ಲಿ ನಿಂಗಮ್ಮ ಕೂತಿದ್ದಳು. ನಾನು ಟೋಪಿ ಸರಿಮಾಡಿಕೊಂಡು ಒಳಗೆ ಹೊರಟರೆ ಕೈ ಅಡ್ಡ ಇಟ್ಟಳು.

"ಜೇಬು ತೋರ್ಸಿ ಸ್ವಾಮಿ."

"ನಾನು ಇನ್ಸ್‌ಪೆಕ್ಟರು ಕಣಮ್ಮ!"

"ಅದ್ಕೇ ತೋರ್ಸಿ." ಕೋಟಿನ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ತನ್ನ ಮಡಿಲಿಗೆ ಹಾಕಿಕೊಂಡಳು.

"ಅದು ಪರೀಕ್ಷೆಗೆ ಬೇಕು."

"ಪರೀಕ್ಷೆ ಬೇಲಿಯಾಚೆ ಮಾಡ್ಕಳಿ. ಒಳಗೆ ಹೆಣ್ಮಕ್ಳವ್ರೆ."

ಸಿದ್ದರಾಮಪ್ಪನವರು ದೂರದಲ್ಲಿ ನಿಂತು ನಗುತ್ತಿದ್ದರು. ಪರೀಕ್ಷೆಯನ್ನು ಬೇಲಿಯಾಚೆಯೇ ಮಾಡಿದೆ.

ಅದಾದ ಮೇಲೆ ನನ್ನ ಪದ್ಧತಿ ಬದಲಾಯಿತು. ಎಲ್ಲೇ ತಪಾಸಣೆಗೆ ಹೋದರೂ ಉಪಕರಣದ ಪೆಟ್ಟಿಗೆ ಬಿಚ್ಚುವ ಮೊದಲು, ಸರಕಿನ ಹತ್ತಿರ ದಿನವೆಲ್ಲ ಕೂರುವವರನ್ನು ಹುಡುಕಿ, "ಇದನ್ನ ನೀವು ಏನಂತ ತಿಳಿದಿದ್ದೀರಿ?" ಎಂದು ಕೇಳುತ್ತಿದ್ದೆ. ಅವರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಅಲ್ಲಿಂದಲೇ ಮಾತು ಶುರುಮಾಡುತ್ತಿದ್ದೆ. ಥರ್ಮಾಮೀಟರು ಎಣ್ಣೆಯ ಸ್ವಭಾವ ತಿಳಿಸುತ್ತದೆ. ಯಾರು ಯಾಕೆ ದೀಪ ಹಿಡಿದುಕೊಂಡು ಅದರ ಹತ್ತಿರ ಬರುತ್ತಾರೆ ಎಂಬುದನ್ನು ಕೇಳಿಯೇ ತಿಳಿಯಬೇಕು.