‘ಕೂಡ’ ಎಂಬ ಮಾತಿಗೆ ನಾನು ಬರೆದ ಅರ್ಥ

ನೀಲವ್ವಕ್ಕ, ತಪ್ಪಿದ್ದು ನಿಮ್ಮ ಬಾಯಿಯಲ್ಲ, ನನ್ನ ಕೈ. ಹೇಳಬೇಕಾದ ದಿನ ಹೇಳಲಿಲ್ಲ. ಆಮೇಲೆ ವರ್ಷಗಟ್ಟಲೆ ಹೇಳಲಿಲ್ಲ.

ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಬನಹಟ್ಟಿಯಲ್ಲಿ ನಿಮಗೆ ನೇಕಾರರ ಸಂಘದ ನೂಲು ಸಿಗುವುದು ನಿಂತಿತು. ಸಂಘದವರೂ ಏನು ಮಾಡಿಯಾರು, ರಾಜ್ಯದ ಹೊಸ ಕಾಯ್ದೆಯೇ ಹಾಗಿತ್ತು: ಮನೆಗೊಬ್ಬ ನೇಕಾರ, ಅವನೇ ಸದಸ್ಯ, ಅವನ ನಂತರ ಮಗ. ಹೆಂಡತಿ ಬರೀ ‘ಸಹಾಯಕಿ’. ನಿಮಗೆ ಮಗನಿರಲಿಲ್ಲ. ಮಗ್ಗವಿತ್ತು, ನೂಲಿರಲಿಲ್ಲ. ಜಮಖಂಡಿಯ ನನ್ನ ವಕೀಲಿ ಕಚೇರಿಗೆ ಬಂದು ಕೇಳಿದಿರಿ, “ಕಾಯ್ದೇನ ತಪ್ಪ ಐತಿ ಅಂತ ಹೇಳಾಕ ಬರತೈತೇನ್ರಿ?” ಕಾಯ್ದೆಯಿಂದ ನುಣುಚಿಕೊಳ್ಳುವುದು ಹೇಗೆ ಎಂದು ಕೇಳುವವರೇ ಬರುವ ಕಚೇರಿ ಅದು. ನನಗೆ ಹುರುಪು ಬಂತು.

ನಿಮ್ಮ ಹೇಳಿಕೆ ಬರೆದುಕೊಂಡೆ. “ಅವ್ರ ಕೂಡ ಇಪ್ಪತ್ತ ವರ್ಷ ನೇಯ್ದೇನ್ರಿ” ಎಂದಿರಿ. ನಮ್ಮ ಕಡೆ ‘ಕೂಡ’ ಎಂದರೆ ಜೊತೆಗೆ. ಇಲ್ಲಿಯೇ ಹುಟ್ಟಿ ಬೆಳೆದ ನನಗೆ ಅದು ಗೊತ್ತಿರಲಿಲ್ಲವೇ — ಗೊತ್ತಿತ್ತು. ಆದರೂ ಕೋರ್ಟಿಗೆ ಕೊಡುವ ಪ್ರಮಾಣಪತ್ರದ ಇಂಗ್ಲಿಷಿನಲ್ಲಿ ‘ಗಂಡನಿಗೆ ನೇಯ್ಗೆಯಲ್ಲಿ ಸಹಾಯ ಮಾಡುತ್ತಿದ್ದೆ’ ಎಂದು ಬರೆದೆ. ಧಾರವಾಡದ ಬಸ್ಸಿಗೆ ಹೊತ್ತಾಗಿತ್ತು ಎನ್ನಬಹುದು. ಖರೆ ಅದಲ್ಲ. ನನ್ನ ತಲೆಯಲ್ಲಿ ಮಗ್ಗದ ಮೇಲೆ ಗಂಡಸೇ ಕೂತಿದ್ದ. ಹೆಂಗಸು ಎಂದರೆ ಪಕ್ಕದಲ್ಲಿ ನೂಲು ಸುತ್ತಿಕೊಡುವವಳು. ಕೆಡವಲು ಹೊರಟ ಕಾಯ್ದೆಯನ್ನು ನಾನೇ ನಂಬಿಕೊಂಡಿದ್ದೆ. ಮೇಲಾಗಿ ಕೊನೆಯಲ್ಲಿ ‘ಕನ್ನಡದಲ್ಲಿ ಓದಿ ಹೇಳಿದ್ದೇನೆ’ ಎಂದು ಬರೆದು ಸಹಿ ಹಾಕಿದೆ. ಓದಿ ಹೇಳಿರಲಿಲ್ಲ.

ಕಾಯ್ದೆಯನ್ನೇ ಪ್ರಶ್ನಿಸಿದ್ದರಿಂದ ಅರ್ಜಿ ಧಾರವಾಡದ ಹೈಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಒಬ್ಬರು ಇದು ಸಮಾನತೆಗೆ ವಿರುದ್ಧ ಎಂದರು. ಇನ್ನೊಬ್ಬರು, ಅರ್ಜಿದಾರಳು ತನ್ನನ್ನು ತಾನೇ ಸಹಾಯಕಿ ಎಂದುಕೊಂಡ ಮೇಲೆ ಆಕೆಗೆ ಅನ್ಯಾಯ ಎಲ್ಲಿ ಎಂದರು. ಒಮ್ಮತವಾಗದೆ ಪ್ರಕರಣ ಮೂವರ ಪೀಠಕ್ಕೆ ಹೋಗಿ ಎರಡು ವರ್ಷ ಕೊಳೆಯಿತು. ಅಷ್ಟು ದಿನ ನಿಮ್ಮ ಮಗ್ಗ ಸುಮ್ಮನೆ ನಿಂತಿತ್ತು.

ಆಗ ನೀವು ಬಂದು ಮೆಲ್ಲಗೆ ಕೇಳಿದಿರಿ, “ನಾ ಹಂಗ ಹೇಳಿದ್ನೇನ್ರಿ ವಕೀಲಸಾಹೇಬ್ರ?”

“ಹೌದ್ರಿ ಅಕ್ಕಾರ, ನೀವ ಹೇಳಿದ್ದು” ಎಂದೆ.

ಇದೇ ಆ ಸುಳ್ಳು. ನೀವು ನಂಬಿದಿರಿ.

ಮೂವರ ಪೀಠದ ಮುಂದೆ ಸರ್ಕಾರದ ವಕೀಲರು ಮತ್ತೆ ಅದೇ ಸಾಲು ಓದಿದರು. ನಡುವೆ ಕೂತಿದ್ದ ನ್ಯಾಯಮೂರ್ತಿಗಳು ಕನ್ನಡದಲ್ಲಿಯೇ ನಿಮ್ಮನ್ನು ಕೇಳಿದರು — ಸಹಾಯ ಎಂದರೆ ಏನು ಮಾಡುತ್ತಿದ್ದಿರಿ? ನೀವೇ ನೇಯ್ದ ಸೀರೆ ಉಟ್ಟು ಹಿಂದಿನ ಬೆಂಚಿನಿಂದ ಎದ್ದು ನಿಂತಿರಿ.

“ಅವ್ರು ಒಂದ ಮಗ್ಗಕ್ಕ ಕುಂದರತಿದ್ರು, ನಾ ಒಂದ ಮಗ್ಗಕ್ಕ. ಅವ್ರ ಲಾಳಿ ಬ್ಯಾರೆ, ನನ್ನ ಲಾಳಿ ಬ್ಯಾರೆ. ಅವ್ರ ಕೂಡ ಅಂದ್ರ ಅವ್ರ ಕೈಕೆಳಗ ಅಂತಲ್ರಿ.”

ಎಷ್ಟೋ ವಾಯಿದೆಗಳಲ್ಲಿ ನಮ್ಮಿಂದಾಗದ್ದನ್ನು ನೀವು ಮೂರು ಮಾತಿನಲ್ಲಿ ಮಾಡಿ ಮುಗಿಸಿದ್ದಿರಿ.

ಹಾಗಾದರೆ ಕಾಗದದಲ್ಲಿ ಹೀಗೇಕಿದೆ ಎಂದು ನ್ಯಾಯಮೂರ್ತಿಗಳು ಕೇಳಿದರು. ನೀವು ನನ್ನತ್ತ ನೋಡಿದಿರಿ. ನಾನು ಫೈಲಿನ ದಾರ ಬಿಚ್ಚುತ್ತ ಕೂತೆ. “ನಂದ ಬಾಯಿ ತಪ್ಪಿರಬೇಕ್ರಿ” ಎಂದಿರಿ.

ಕಾಯ್ದೆಯ ಆ ಕಲಮು ರದ್ದಾಯಿತು, ಮೂವರೂ ಒಮ್ಮತದಿಂದ. ಬನಹಟ್ಟಿಯ ಓಣಿಗಳಲ್ಲಿ ಗುಲಾಲು ಹಾರಿತು. ಹೆಂಗಸರು ಸಂಘದ ಬಾಗಿಲಿಂದ ರಸ್ತೆಯವರೆಗೆ ಸಾಲುಗಟ್ಟಿ ನೇಕಾರರೆಂದು ಹೆಸರು ಬರೆಸಿದರು. ಮೊದಲ ಹೆಸರು ನಿಮ್ಮದು. ಇವತ್ತಿಗೂ ನೆನೆದರೆ ಎದೆ ಉಬ್ಬುತ್ತದೆ. ಅಂದು ನನಗೂ ಶಾಲು ಹೊದಿಸಿದರು, ಹೊದ್ದುಕೊಂಡೆ.

ಆದರೆ ತೀರ್ಪಿನಲ್ಲಿ ಒಂದು ಸಾಲು ಉಳಿದಿದೆ: ಅರ್ಜಿದಾರಳು ಮೊದಲು ತಪ್ಪು ಹೇಳಿಕೆ ಕೊಟ್ಟಿದ್ದಳು ಎಂದು. ಕಳೆದ ವಾರ ನನ್ನ ಕಚೇರಿಗೆ ಹೊಸದಾಗಿ ಸೇರಿದ ವಕೀಲೆ ಅದನ್ನು ಓದಿ, “ಆ ಅಜ್ಜಿಗೆ ತನ್ನ ಮಾತ ತನಗ ಹೇಳಾಕ ಬರಲಿಲ್ಲ, ನೀವ ಉಳಿಸಿದ್ರಿ ಸರ್” ಎಂದಳು. ಅದಕ್ಕೂ ತಲೆ ಆಡಿಸಿದೆ — ಆಮೇಲೆ ರಾತ್ರಿ ಕೂತು, ನಡೆದದ್ದನ್ನೆಲ್ಲ ನನ್ನದೇ ಒಂದು ಪ್ರಮಾಣಪತ್ರವಾಗಿ ಬರೆದೆ.

ಸೋಮವಾರ ಧಾರವಾಡಕ್ಕೆ ಹೋಗುತ್ತೇನೆ. ಮೂವರಲ್ಲಿ ಒಬ್ಬರು ನಿವೃತ್ತರಾಗಿದ್ದಾರೆ. ಇರುವವರ ಮುಂದೆಯೇ ನನ್ನ ಪ್ರಮಾಣಪತ್ರ ಇಡುತ್ತೇನೆ. ಆ ಸಾಲು ತೆಗೆಯಬೇಕು, ತಪ್ಪು ವಕೀಲನದು ಎಂದು ದಾಖಲಾಗಬೇಕು. ವಕೀಲಿ ಸನ್ನದು ಹೋದರೆ ಹೋಗಲಿ. ಕ್ಷಮಿಸಿ ಎಂದು ಕೇಳಲು ನನಗೆ ಬಾಯಿಲ್ಲ. ಕೋರ್ಟು ಏನೇ ಹೇಳಲಿ, ಇದೊಂದು ಮಾತು ನಿಮಗೆ ಮೊದಲು ತಲುಪಬೇಕು: ನೀವು ಅಂದು ನೆಟ್ಟಗೇ ಹೇಳಿದ್ದಿರಿ, ನೀಲವ್ವಕ್ಕ.